ಜ್ಯೋತಿನಗರದಲ್ಲಿ ಕುದುರೆಮುಖ

ಈ ಬೀದಿಯ ಒಂದೊಂದು ದೀಪವನ್ನೂ ಕಟ್ಟಿದವನು ನಾನೇ.
ಮೊದಲು ಟ್ಯೂಬ್‌ಲೈಟು, ಆಮೇಲೆ ಸೋಡಿಯಂ,
ಹೋದ ವರ್ಷ ಎಲ್‌ಇಡಿ, ಸುಣ್ಣದಷ್ಟು ಬಿಳಿ.
ಹತ್ತೊಂಬತ್ತು ವರ್ಷ ಕಂಬ ಹತ್ತಿದ ಮೊಣಕಾಲು
ಈಗ ತಾರಸಿಯ ಮೆಟ್ಟಿಲಿಗೇ ಗೊಣಗುತ್ತದೆ.

ಚಿಕ್ಕಮಗಳೂರಿನವರು ಕುದುರೆಮುಖಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ.
ನನ್ನದು ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ,
ಮಹಾವ್ಯಾಧನ ನಡುಪಟ್ಟಿಯ ಎಡತುದಿಯ ಚುಕ್ಕೆಯ ಕೆಳಗೆ:
ಮಾಸಿದ ಕೆಂಪು ಮಂಜಿನದೊಂದು ಪರದೆ,
ಅದರ ಮುಂದೆ ಕುದುರೆಯ ತಲೆಯಂಥ ಕತ್ತಲು.
ಅಲ್ಲಿಂದ ಬೆಳಕು ಹೊರಟಾಗ
ಈ ಊರಿಗೆ ಹೆಸರಿತ್ತೋ ಇಲ್ಲವೋ.

ಬರಿಗಣ್ಣಿಗೆ ಅಲ್ಲಿ ಏನೂ ಇಲ್ಲ.
ಏನೂ ಇಲ್ಲದ ಕಡೆಗೆ ಗುರಿಯಿಟ್ಟು
ಮೂರು ಮೂರು ನಿಮಿಷ ಕಣ್ಣು ತೆರೆದಿಡಬೇಕು.
ಕ್ಯಾಮೆರಾ ಮುಚ್ಚಿಹೋದ ಸ್ಟುಡಿಯೋದ್ದು,
ಎಷ್ಟು ಧಾರೆ, ಎಷ್ಟು ಬಲವಂತದ ನಗು ನುಂಗಿದೆಯೋ.
ಅದರ ಎದೆಯೊಳಗಿನ ಗಾಜು ಕಿತ್ತು
ಕೆಂಪು ಮಾತ್ರ ಬಿಡುವ ಫಿಲ್ಟರ್ ಕೂರಿಸಿದ್ದೇನೆ.

"ಗಿರಿಗೆ ಹೋಗೋ ಫಾಲಾಕ್ಷ, ಅಲ್ಲಿ ಕತ್ತಲು ಪುಕ್ಕಟೆ"
ಅನ್ನುತ್ತಾನೆ ಮೀಟರ್ ರೀಡರ್ ಸುಭಾನ್.
ಸಂಜೆಯಾದರೆ ಅಲ್ಲಿ ಗೇಟು ಬೀಳುತ್ತದೆ.
ಮೇಲಾಗಿ ರಾತ್ರಿಯಿಡೀ ನಾನು
ಈ ವಾರ್ಡಿನ ಗೂಟಕ್ಕೆ ಕಟ್ಟಿದ ದನ.

ಹಾಗಾಗಿ ಇಲ್ಲೇ. ಒಂದು ಕಡೆ ಕಾಫಿ ಕ್ಯೂರಿಂಗಿನ ಹೈಮಾಸ್ಟು,
ಇನ್ನೊಂದು ಕಡೆ ಪೆಟ್ರೋಲ್ ಬಂಕು,
ಎದುರುಮನೆಯ ಗೇಟಿನಲ್ಲಿ
ಬೆಕ್ಕು ದಾಟಿದರೂ ಉರಿಯುವ ಬಲ್ಬು.
ಫೋಟೋದಲ್ಲಿ ಆಕಾಶ ಹಳಸಿದ ಸಾರಿನ ಬಣ್ಣ.
ಒಂದರ ಮೇಲೊಂದು ಪೇರಿಸಬೇಕು, ನಲವತ್ತು, ಅರವತ್ತು.
ಇದ್ದದ್ದು ಉಳಿಯುತ್ತದೆ, ಬಂದುಹೋದದ್ದು ಸವೆಯುತ್ತದೆ.
ಆಮೇಲೆ ಮುಚ್ಚಳ ಹಾಕಿ ಇಪ್ಪತ್ತು:
ಕ್ಯಾಮೆರಾ ತನ್ನೊಳಗೇ ಗುನುಗುವ ಸುಳ್ಳನ್ನು
ಲೆಕ್ಕದಿಂದ ಕಳೆಯಲು.

ಬೀದಿದೀಪದ ಪೆಟ್ಟಿಗೆಯ ಕೀಲಿ ಜೇಬಿನಲ್ಲೇ ಇರುತ್ತದೆ.
ಮುಟ್ಟಿ ನೋಡಿಕೊಂಡಿದ್ದೇನೆ. ಅಷ್ಟೇ.

ಅಮಾವಾಸ್ಯೆಗೆ ಇನ್ನೆರಡು ದಿನ, ರಾತ್ರಿ ಹತ್ತೂಕಾಲು,
ಟಿ.ಸಿ. ಫ್ಯೂಸು ತಾನಾಗಿಯೇ ಹೋಯಿತು.
ಜ್ಯೋತಿನಗರ ಆರಿತು.
ಹೈಮಾಸ್ಟು ಬೇರೆ ಫೀಡರಿನದು, ಉರಿಯುತ್ತಲೇ ಇತ್ತು;
ಆದರೂ ಆಕಾಶ ಒಮ್ಮೆಗೇ ಇಳಿದು ಬಂದು
ಸಿಂಟೆಕ್ಸ್ ಟ್ಯಾಂಕಿನ ಮೇಲೆ ಕೂತಿತು.
ದೇವರೇ, ಒಂದರ್ಧ ಗಂಟೆ ಕೊಡು ಅಂದೆ.
ಲೈನ್‌ಮನ್ ಆಗಿ ಹಾಗೆ ಅಂದೆ.

ಫೋನು. ಮೂರನೇ ಕ್ರಾಸಿನ ಐರಿನ್ ಟೀಚರು:
"ಕರೆಂಟು ಯಾವಾಗ ಬರುತ್ತೆ? ಮಗನಿಗೆ ಉಬ್ಬಸ,
ನೆಬುಲೈಸರ್ ಅರ್ಧಕ್ಕೇ ನಿಂತಿದೆ."
ದನಿಯ ಹಿಂದೆ ಹುಡುಗನ ಉಸಿರು,
ತೂತುಬಿದ್ದ ತಿದಿಯ ಸದ್ದು.
ಆ ಯಂತ್ರಕ್ಕೂ ನನ್ನ ನೀಹಾರಿಕೆಗೂ
ಪರದೇಶದ ಭಾಷೆಯಲ್ಲಿ ಒಂದೇ ಬೇರು, ಮಂಜು, ಅಂತ
ಎಲ್ಲೋ ಓದಿದ್ದೆ. ಮೆಟ್ಟಿಲಿಳಿಯುವಾಗ ಅದು ನೆನಪಾಗಲಿಲ್ಲ,
ಏಣಿ ಎಲ್ಲಿಟ್ಟೆ ಅನ್ನುವುದಷ್ಟೇ ನೆನಪಾಯಿತು.

ಗ್ಲೌಸು, ಫ್ಯೂಸ್ ತಂತಿ, ಹಲ್ಲಿನಲ್ಲಿ ಟಾರ್ಚು.
ಹದಿಮೂರು ನಿಮಿಷ.
ದೀಪ ಬಂದಾಗ ಬೀದಿಯುದ್ದ ಹೋ ಎಂದರು ಮಕ್ಕಳು.
ಮೂರನೇ ಕ್ರಾಸಿನ ಕಿಟಕಿಯಲ್ಲಿ ಗುರ್ರೆಂದಿತು ಪುಟ್ಟ ಮೋಟರು.
ಅಷ್ಟು ಹೊತ್ತೂ ತಾರಸಿಯಲ್ಲಿ, ಬ್ಯಾಟರಿಯ ಮೇಲೆ,
ಕ್ಯಾಮೆರಾ ತನ್ನ ಪಾಡಿಗೆ ನೋಡುತ್ತಿತ್ತು.
ನಾನಿಲ್ಲದ ನಾಲ್ಕು ಫೋಟೋ.

ಅರವತ್ತೆರಡರ ಜೊತೆ ಆ ನಾಲ್ಕನ್ನೂ ಪೇರಿಸಿದೆ.
ಕುದುರೆ ಎದ್ದಿತು ಕತ್ತು ಕೊಂಕಿಸಿ,
ಮೂತಿಗೆ ಮಸಿ ಮೆತ್ತಿಕೊಂಡು.
ಯಾವ ಕೂದಲು ಯಾವ ರಾತ್ರಿಯದೋ ಹೇಳಲಾರೆ.
ಹಿಂದೆ ಆ ತುಸು ಕೆಂಪು ಇಲ್ಲದಿದ್ದರೆ
ಅದರ ಕಪ್ಪೂ ಕಾಣುತ್ತಿರಲಿಲ್ಲ.

ಭಾನುವಾರ ಟೀಚರ ಮಗನಿಗೆ ಫೋನಿನಲ್ಲಿ ತೋರಿಸಿದೆ.
ಮೂಗಿನ ಮೇಲೆ ಮಾಸ್ಕಿನ ಗೆರೆ ಇನ್ನೂ ಇತ್ತು.
ಹಿಗ್ಗಿಸಿ, ತಿರುಗಿಸಿ, ನೋಡಿ ಅಂದ:
"ಕುದುರೆ ಅಲ್ಲ ಅಂಕಲ್, ನಲ್ಲಿ."
ನಾನೂ ನೋಡಿದೆ. ನಲ್ಲಿಯೇ.

ನಾಳೆ ಒಂಬತ್ತನೇ ಕಂಬಕ್ಕೆ ಹೊಸ ದೀಪ,
ತೊಂಬತ್ತು ವ್ಯಾಟು.
ತಲೆಯನ್ನು ಕೊಂಚ ನೆಲಕ್ಕೆ ಬಾಗಿಸಿ ಕಟ್ಟಬಹುದು.
ಯಾರೂ ಕೇಳುವುದಿಲ್ಲ.